ಗೇಟಿನ ಚೀಟಿ ತೆಗೆದಾಗ ಏನಾಯಿತು: ಕೊಡಗಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಪ್ರಕರಣ

ಐಎಸ್‌ಒ 9001 (ಗುಣಮಟ್ಟ ವ್ಯವಸ್ಥೆಯ ಅಂತರರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟ್ ಇರುವ ಘಟಕಗಳಲ್ಲಿ ನಾನು ನೋಡಿದ ದೊಡ್ಡ ತೊಂದರೆಗಳಲ್ಲಿ ಬಹಳಷ್ಟು ಶುರುವಾಗಿದ್ದು ಯಾರದೋ ಉದಾಸೀನದಿಂದಲ್ಲ. ಯಾರೋ ಒಳ್ಳೆಯ ಉದ್ದೇಶದಿಂದ ಕೆಲಸದ ಕ್ರಮವನ್ನು ಬದಲಾಯಿಸಿದಾಗ ಶುರುವಾದವು. ಈ ಪ್ರಕರಣವೂ ಹಾಗೆಯೇ. ಗುಣಮಟ್ಟ ವ್ಯವಸ್ಥೆಯ ಸಲಹೆಗಾರನಾಗಿ ನನ್ನನ್ನು ಕರೆದಾಗ ತೊಂದರೆ ಆಗಲೇ ಮೇಲೆ ಬಂದಿತ್ತು. ಘಟಕದ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

ಹಿನ್ನೆಲೆ

ಕುಶಾಲನಗರದ ಕಡೆ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು ಜಾಸ್ತಿ. ಮಡಿಕೇರಿ ಕಡೆಗಿಂತ ಮಳೆ ಕಡಿಮೆ, ಬಿಸಿಲು ಚೆನ್ನಾಗಿ ಬೀಳುತ್ತದೆ, ಮೈಸೂರು ರಸ್ತೆಯೂ ಹತ್ತಿರ. ಅಂಥದ್ದರಲ್ಲಿ ಒಂದು ಅಂದುಕೊಳ್ಳಿ. ಬೆಳೆಗಾರರು ತಂದ ಒಣ ಚೆರ್ರಿ (ಇಡೀ ಹಣ್ಣನ್ನೇ ಒಣಗಿಸಿದ್ದು) ಮತ್ತು ಪಾರ್ಚ್‌ಮೆಂಟನ್ನು (ತಿರುಳು ತೆಗೆದು ಒಳಸಿಪ್ಪೆ ಸಮೇತ ಒಣಗಿಸಿದ್ದು) ತೂಗಿ, ಪರೀಕ್ಷೆ ಮಾಡಿ, ಬೇಕಾದರೆ ಮತ್ತೆ ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡ್ ಮಾಡಿ, ರಫ್ತಿನ ಚೀಲಕ್ಕೆ ತುಂಬುವುದು ಅಲ್ಲಿನ ಕೆಲಸ. ಕಾಯಂ ಕೆಲಸಗಾರರು ಕಡಿಮೆ. ಸೀಸನ್‌ನಲ್ಲಿ ಹಮಾಲಿಗಳು, ಕಾಫಿ ಆರಿಸುವ ಹೆಂಗಸರು ಸೇರಿ ಮೂರು ಪಟ್ಟು ಆಗುತ್ತಾರೆ. ಸರ್ಟಿಫಿಕೇಟ್ ಬಂದು ಹಲವು ವರ್ಷವಾಗಿತ್ತು. ಆಡಿಟ್‌ನಲ್ಲಿ ಹೇಳಿಕೊಳ್ಳುವಂಥ ತಕರಾರು ಯಾವತ್ತೂ ಬಂದಿರಲಿಲ್ಲ.

ಗೇಟಿನ ಕೆಲಸ ಹೀಗಿತ್ತು. ಪಿಕಪ್ ಬಂದು ವೇಬ್ರಿಡ್ಜ್ ಮೇಲೆ ನಿಲ್ಲುತ್ತದೆ. ತೂಕ ಆದ ಮೇಲೆ ಸ್ಯಾಂಪಲ್ ತೆಗೆಯುವ ಹುಡುಗ ಅಲ್ಲಲ್ಲಿ ಚೀಲಕ್ಕೆ ಚುಚ್ಚಿ ಕಾಫಿ ತೆಗೆಯುತ್ತಾನೆ. ಮಾಯಿಶ್ಚರ್ ಮೀಟರ್‌ನಲ್ಲಿ ತೇವಾಂಶ ನೋಡುತ್ತಾರೆ. ರೊಬಸ್ಟಾ ಚೆರ್ರಿಗೆ 11 ಶೇಕಡಾ, ಪಾರ್ಚ್‌ಮೆಂಟ್‌ಗೆ 10 ಶೇಕಡಾ ಸರಿಯಾದ ಮಟ್ಟ. ಆಮೇಲೆ ಓಟಿ, ಅಂದರೆ 50 ಕೆ.ಜಿ. ಚೆರ್ರಿಯಿಂದ ಎಷ್ಟು ಕೆ.ಜಿ. ಬೀಜ ಬರುತ್ತದೆ ಅನ್ನುವ ಲೆಕ್ಕ. ಬೆಲೆ ನಿಲ್ಲುವುದೇ ಅದರ ಮೇಲೆ. ಇದೆಲ್ಲ ಮೂರು ಪ್ರತಿಯ ಒಂದು ಚೀಟಿಯಲ್ಲಿ ಬರುತ್ತಿತ್ತು. ಬಿಳಿ ಪ್ರತಿ ಆಫೀಸಿಗೆ, ಗುಲಾಬಿ ಬೆಳೆಗಾರರಿಗೆ, ಹಳದಿ ಚೀಲಗಳ ಜೊತೆ ಗೋದಾಮಿಗೆ.

ಹಳದಿ ಪ್ರತಿಯ ಬಲಗಡೆ ಮೂಲೆಯಲ್ಲಿ ಸ್ವಲ್ಪ ಖಾಲಿ ಜಾಗ ಇತ್ತು. ತೇವಾಂಶ ಜಾಸ್ತಿ ಬಂದರೆ ಸ್ಯಾಂಪಲ್ ಹುಡುಗ ಅಲ್ಲಿ ಪೆನ್ಸಿಲ್‌ನಲ್ಲಿ 'ಹಸಿ' ಅಂತ ಗೀಚುತ್ತಿದ್ದ. ಗೋದಾಮಿನ ಮೇಸ್ತ್ರಿ ಅದನ್ನು ನೋಡಿ ಆ ಚೀಲಗಳನ್ನು ಒಳಗೆ ಬಿಡದೆ ಮತ್ತೆ ಒಣಗಿಸಲು ಕಣಕ್ಕೆ ಕಳಿಸುತ್ತಿದ್ದರು. ಈ ಪೆನ್ಸಿಲ್ ಗುರುತಿನ ವಿಷಯ ಬರೆದಿಟ್ಟ ಯಾವ ಪ್ರೊಸೀಜರ್‌ನಲ್ಲೂ (ಕೆಲಸದ ಕ್ರಮ) ಇರಲಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟದ್ದೂ ಅಲ್ಲ. ವರ್ಷಗಳಿಂದ ನಡೆದುಕೊಂಡು ಬಂದಿತ್ತು, ಅಷ್ಟೇ.

ಬದಲಾವಣೆ ಬಂದದ್ದು ಯಾಕೆ

ಯುರೋಪಿನ ಒಬ್ಬ ಖರೀದಿದಾರ ಪ್ರತಿ ಲಾಟ್ (ಒಟ್ಟಿಗೆ ಲೆಕ್ಕ ಇಡುವ ಕಾಫಿಯ ಒಂದು ಗುಂಪು) ಯಾವ ತೋಟದಿಂದ ಬಂತು ಅಂತ ತೋರಿಸಬೇಕು ಎಂದು ಕೇಳಿದ. ಯುರೋಪಿಯನ್ ಒಕ್ಕೂಟದ 2023/1115 ಸಂಖ್ಯೆಯ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿನ ಮಾರುಕಟ್ಟೆಗೆ ಹೋಗುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತಲಿನ ಗಡಿಯನ್ನೇ ಕೊಡಬೇಕು. ಮೂಲ ಗೊತ್ತಿಲ್ಲದ ಕಾಫಿಯನ್ನು ಅದರ ಜೊತೆ ಬೆರೆಸುವಂತಿಲ್ಲ. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಿದ್ದರೂ ಖರೀದಿದಾರರು ಮೊದಲೇ ತಯಾರಿ ಕೇಳುತ್ತಿದ್ದರು.

ಯಜಮಾನರಿಗೆ ಇದು ಅವಕಾಶವಾಗಿ ಕಂಡಿತು, ಅದು ತಪ್ಪೇನಲ್ಲ. ನವೆಂಬರ್‌ನ ಮ್ಯಾನೇಜ್‌ಮೆಂಟ್ ರಿವ್ಯೂನಲ್ಲಿ ನಿರ್ಧಾರವಾಯಿತು. ಗೇಟಿನಲ್ಲಿ ಟ್ಯಾಬ್, ಅದರಲ್ಲಿ ಬೆಳೆಗಾರರ ಕೋಡ್ ಮತ್ತು ತೋಟದ ಕೋಡ್, ಚೀಲಕ್ಕೆ ಕ್ಯೂಆರ್ ಲೇಬಲ್. ಬೆಳೆಗಾರರಿಗೆ ಎಸ್‌ಎಂಎಸ್. ಚೀಟಿ ಪುಸ್ತಕ ಬಂದ್. ಜನವರಿ 1ರಿಂದ ಜಾರಿ.

ಕಾಗದದ ಮಟ್ಟದಲ್ಲಿ ಎಲ್ಲವೂ ಚೆನ್ನಾಗಿ ಆಯಿತು. ಸರಕು ಸ್ವೀಕಾರದ ಪ್ರೊಸೀಜರ್ 6ನೇ ಆವೃತ್ತಿಯಿಂದ 7ಕ್ಕೆ ಹೋಯಿತು. ಹಳೆಯ ಪ್ರತಿಗಳನ್ನು ವಾಪಸ್ ತೆಗೆದರು. ತರಬೇತಿ ಕೊಟ್ಟು ಸಹಿ ಹಾಕಿಸಿಕೊಂಡರು. ಬದಲಾವಣೆಯ ಫಾರ್ಮ್ ಕೂಡ ತುಂಬಿದ್ದರು. ಅದರಲ್ಲಿ ಇದ್ದದ್ದು ಮೂರೇ ಪ್ರಶ್ನೆ: ಬದಲಾವಣೆಗೆ ಕಾರಣ ಏನು, ಯಾವ ದಾಖಲೆ ಬದಲಾಗಬೇಕು, ಒಪ್ಪಿಗೆ ಕೊಟ್ಟವರು ಯಾರು. ಈಗ ಇರುವುದನ್ನು ತೆಗೆದರೆ ಯಾರ ಕೈ ಕಟ್ಟಿಹಾಕಿದಂತಾಗುತ್ತದೆ ಅನ್ನುವ ಪ್ರಶ್ನೆ ಅಲ್ಲಿರಲಿಲ್ಲ. ನಾನು ನೋಡಿದ ಹೆಚ್ಚಿನ ಫಾರ್ಮ್‌ಗಳಲ್ಲೂ ಇರುವುದಿಲ್ಲ.

ತೊಂದರೆ

ಜನವರಿ ಅಂದರೆ ಅರೇಬಿಕಾ ಮುಗಿಯುತ್ತಾ ಬಂದು ರೊಬಸ್ಟಾ ಶುರುವಾಗುವ ಹೊತ್ತು. ಸಂಜೆ ನಾಲ್ಕರ ಮೇಲೆ ಗೇಟಿನ ಹೊರಗೆ ರಸ್ತೆಯವರೆಗೂ ಪಿಕಪ್ ನಿಲ್ಲುತ್ತವೆ. ಟ್ಯಾಬ್ ಬಂದದ್ದು ಸರಿಯಾಗಿ ಅದೇ ವಾರ.

ಮೊದಲು ಗೊತ್ತಾಗಿದ್ದು ಮೂಗಿಗೆ. ಫೆಬ್ರವರಿಯಲ್ಲಿ ಒಂದು ದಿನ ಮೇಸ್ತ್ರಿ ಚೀಲಗಳ ಅಟ್ಟಿಯ ಮಧ್ಯೆ ಮೊಣಕೈವರೆಗೆ ಕೈ ತೂರಿಸಿ ನೋಡಿದರು. ಬಿಸಿ ಇತ್ತು. ಕೆಳಗಿನ ಸಾಲಿನ ಚೀಲ ಎಳೆದು ಬಾಯಿ ಬಿಚ್ಚಿದಾಗ ಬೂಸಲು ವಾಸನೆ ಬಂತು. ಒಂದು ಹಿಡಿ ಚೆರ್ರಿ ಅಂಗೈಯಲ್ಲಿ ಅಲುಗಾಡಿಸಿದರೆ ಒಣ ಚೆರ್ರಿಯ ಗಲಗಲ ಸದ್ದಿಲ್ಲ. ಹಸಿ ಚೀಲಗಳು ಒಣ ಚೀಲಗಳ ನಡುವೆ ಕೂತಿದ್ದವು. ತೇವಾಂಶವನ್ನು ಟ್ಯಾಬ್‌ನಲ್ಲಿ ಸರಿಯಾಗಿಯೇ ದಾಖಲಿಸಿದ್ದರು. ಆದರೆ ಅದು ಕಾಣುತ್ತಿದ್ದದ್ದು ಆಫೀಸಿನ ಕಂಪ್ಯೂಟರ್‌ನಲ್ಲಿ. ಲೇಬಲ್ ಮೇಲೆ ಕ್ಯೂಆರ್ ಮತ್ತು ಲಾಟ್ ನಂಬರ್ ಮಾತ್ರ. ಗೋದಾಮಿನಲ್ಲಿ ಸ್ಕ್ಯಾನ್ ಮಾಡುವ ಸಾಧನವೇ ಇರಲಿಲ್ಲ. ಕಾಫಿ ಹೀಗೆ ತೇವದಲ್ಲಿ ಕೂತರೆ ಬೀಜದ ಬಣ್ಣ, ರುಚಿ ಕೆಡುವುದು ಒಂದು ಕಡೆ. ಬೂಸಲಿನಿಂದ ಓಕ್ರಾಟಾಕ್ಸಿನ್ ಅನ್ನುವ ವಿಷ ಸೇರುವ ಅಪಾಯ ಇನ್ನೊಂದು ಕಡೆ. ಯುರೋಪಿನಲ್ಲಿ ಇದಕ್ಕೆ ಕಟ್ಟುನಿಟ್ಟಿನ ಮಿತಿ ಇದೆ.

ಎರಡನೆಯದು ಲೆಕ್ಕದಲ್ಲಿ ಸಿಕ್ಕಿತು. ಗುಣಮಟ್ಟ ವಿಭಾಗದ ಮೇಡಂ ತೋಟವಾರು ಮೊತ್ತ ತೆಗೆದಾಗ ಎರಡು ಎಕರೆ ರೊಬಸ್ಟಾ ತೋಟ ಒಂದರಿಂದ 140 ಚೀಲ ಚೆರ್ರಿ ಬಂದಂತೆ ತೋರಿಸಿತು. ಅಂದರೆ 7 ಟನ್. ಕೊಡಗಿನಲ್ಲಿ ಕಾಫಿ ಬೆಳೆದವರು ಯಾರೂ ಇದನ್ನು ನಂಬುವುದಿಲ್ಲ. ಆಪ್‌ನಲ್ಲಿ ಒಂದು ಗಾಡಿಗೆ ಒಂದೇ ತೋಟ ಆರಿಸಲು ಅವಕಾಶ ಇತ್ತು. ಬೆಳೆಗಾರರೊಬ್ಬರು ಮೂರು ಕಡೆಯ ಕಾಫಿ ಒಂದೇ ಪಿಕಪ್‌ನಲ್ಲಿ ತಂದರೆ, ಹಿಂದೆ ಹಾರ್ನ್ ಹೊಡೆಯುತ್ತಿರುವಾಗ, ಕ್ಲರ್ಕ್ ಪಟ್ಟಿಯಲ್ಲಿ ಮೊದಲು ಕಂಡ ತೋಟವನ್ನು ಒತ್ತಿ ಮುಂದೆ ಕಳಿಸುತ್ತಿದ್ದ. ಕರೆಂಟ್, ನೆಟ್‌ವರ್ಕ್ ಹೋದ ದಿನ ಕೈಪುಸ್ತಕದಲ್ಲಿ ಬರೆದುಕೊಂಡು ರಾತ್ರಿ ನೆನಪಿನಿಂದ ತುಂಬುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಮುಂದೆ ಇಟ್ಟಿದ್ದ ಕೆಲಸವೇ ಹಾಗಿತ್ತು.

ಇಲ್ಲಿ ಕೊಡಗಿನದ್ದೇ ಆದ ಇನ್ನೊಂದು ಗಂಟೂ ಇದೆ. ಜಮ್ಮಾ ಜಾಗಗಳಲ್ಲಿ, ಅಂದರೆ ಮನೆತನಕ್ಕೆ ತಲೆತಲಾಂತರದಿಂದ ಬಂದ ಜಮೀನುಗಳಲ್ಲಿ, ಪಹಣಿ ಹಳೆಯ ಪಟ್ಟೆದಾರರ ಹೆಸರಿನಲ್ಲಿರುತ್ತದೆ. ತೋಟ ಮಾಡುತ್ತಿರುವವರು ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಮನೆಯವರ ಕಾಫಿ. ಗೇಟಿಗೆ ಬಂದವರನ್ನು 'ಪಹಣಿ ಯಾರ ಹೆಸರಲ್ಲಿದೆ?' ಅಂತ ಕೇಳಿದರೆ ಉತ್ತರ ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಕೆಲವರಿಗೆ ಬೇಜಾರೂ ಆಗುತ್ತದೆ. ಆಪ್ ಮಾಡಿದ ಬೆಂಗಳೂರಿನ ಹುಡುಗರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ಗೊತ್ತಿದ್ದ ಗೇಟ್ ಕ್ಲರ್ಕ್‌ನನ್ನು ಯಾರೂ ಕೇಳಲಿಲ್ಲ.

ಮೂರನೆಯದು ಚೀಟಿಯ ಗುಲಾಬಿ ಪ್ರತಿ. ವಯಸ್ಸಾದ ಬೆಳೆಗಾರರೊಬ್ಬರು ಕೌಂಟರ್ ಬಿಟ್ಟು ಕದಲಲಿಲ್ಲ. 'ಮೆಸೇಜ್ ಬರುತ್ತೆ ಅಂತೀರಿ. ನಾಳೆ ಓಟಿ ಕಡಿಮೆ ಹಾಕಿದ್ರೆ ನಾನು ಏನು ತೋರಿಸ್ಲಿ?' ಅಂದರು. ನ್ಯಾಯವಾದ ಪ್ರಶ್ನೆ ಅಲ್ವಾ?

ಏನೇನು ಮಾಡಿ ನೋಡಿದರು

ಮೊದಲು ಮೆಮೊ. ಆಮೇಲೆ ಮರುತರಬೇತಿ, ಮತ್ತೆ ಸಹಿ. ಸರಿಪಡಿಸುವ ಕ್ರಮದ ಫಾರ್ಮ್‌ನಲ್ಲಿ ಮೂಲ ಕಾರಣ ಅನ್ನುವ ಕಡೆ 'ಸಿಬ್ಬಂದಿಯ ನಿರ್ಲಕ್ಷ್ಯ' ಅಂತ ಬರೆದಿದ್ದರು. ಯಾವುದೇ ಘಟಕದಲ್ಲಿ ಈ ಎರಡು ಪದ ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ. ಅದನ್ನು ಬರೆದ ಮೇಲೆ ಹುಡುಕಾಟ ನಿಂತುಹೋಗುತ್ತದೆ.

ಅದೂ ಫಲ ಕೊಡದಿದ್ದಾಗ ಚೀಟಿ ಪುಸ್ತಕವನ್ನು ಮತ್ತೆ ಹೊರಗೆ ತೆಗೆದು ಟ್ಯಾಬ್ ಜೊತೆಗೇ ನಡೆಸಿದರು. ಇದು ಎಲ್ಲಕ್ಕಿಂತ ಕೆಟ್ಟದಾಯಿತು. ಚೀಟಿಯಲ್ಲಿ ಒಂದು ಲಾಟ್ ನಂಬರ್, ಟ್ಯಾಬ್‌ನಲ್ಲಿ ಇನ್ನೊಂದು. ಚೀಟಿಗೆ ಅಧಿಕೃತ ಜಾಗ ಇಲ್ಲ, ಯಾಕೆಂದರೆ 7ನೇ ಆವೃತ್ತಿಯಲ್ಲಿ ಅದರ ಹೆಸರೇ ಇಲ್ಲ. ಯಾವುದು ಸರಿ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ತಿರುವು

ನನ್ನನ್ನು ಕರೆದಾಗ ಮೇಡಂ ಆಗಲೇ ಒಂದು ಒಳ್ಳೆಯ ಕೆಲಸ ಯೋಚಿಸಿಟ್ಟಿದ್ದರು. 'ಸಾರ್, ಕಂಪ್ಯೂಟರ್ ಮುಂದೆ ಕೂತು ಸಾಕಾಯ್ತು. ಒಂದು ಗಾಡಿ ಕಾಫಿ ಹಿಂದೆ ನಡೆದುಕೊಂಡು ಹೋಗೋಣ' ಅಂದರು. ಗೇಟಿನಿಂದ ಹಲ್ಲರ್‌ವರೆಗೆ, ಅಂದರೆ ಸಿಪ್ಪೆ ತೆಗೆಯುವ ಮೆಷಿನ್‌ವರೆಗೆ ಹೋದೆವು. ಕೈಯಲ್ಲಿ ಒಂದು ಹಳೆಯ ಹಳದಿ ಚೀಟಿ. ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ: 'ಇದು ಇದ್ದಾಗ ನೀವು ಇದರಲ್ಲಿ ಏನು ನೋಡ್ತಿದ್ರಿ?'

ಮೇಸ್ತ್ರಿ ಮೂಲೆಯ ಪೆನ್ಸಿಲ್ ಗುರುತು ತೋರಿಸಿದರು. ಅಲ್ಲಿಯವರೆಗೆ ಮೇಡಂಗೆ ಅದರ ಬಗ್ಗೆ ಗೊತ್ತೇ ಇರಲಿಲ್ಲ. ಹಲ್ಲರ್ ನೋಡಿಕೊಳ್ಳುವವರು ಓಟಿ ನೋಡಿ ಮೆಷಿನ್ ಸೆಟ್ಟಿಂಗ್ ಅಂದಾಜು ಮಾಡುತ್ತಿದ್ದರು. ಗೇಟ್ ವಾಚ್‌ಮನ್ ಗುಲಾಬಿ ಪ್ರತಿ ಕಂಡರೆ ಮಾತ್ರ ಖಾಲಿ ಗಾಡಿ ಹೊರಗೆ ಬಿಡುತ್ತಿದ್ದ. ಅಕೌಂಟ್ಸ್‌ನವರು ಮುಂಗಡ ಕೊಡುವಾಗ ಚೀಟಿಯ ಹಿಂದೆ ಮೊತ್ತ ಬರೆದು ಬೆಳೆಗಾರರ ಸಹಿ ತೆಗೆದುಕೊಳ್ಳುತ್ತಿದ್ದರು. ಪ್ರೊಸೀಜರ್ ಪ್ರಕಾರ ಆ ಚೀಟಿಗೆ ಇದ್ದದ್ದು ತೂಕ ದಾಖಲಿಸುವ ಕೆಲಸ. ನಿಜದಲ್ಲಿ ಅದು ಒಂದು ಡಜನ್ ಬೀಗಕ್ಕೆ ಒಂದೇ ಕೀಲಿಕೈ ಆಗಿತ್ತು. ತೆಗೆದವರಿಗೆ ಒಂದೇ ಬೀಗ ಕಂಡಿತ್ತು.

ಅವತ್ತು ಸಂಜೆ ಮೇಡಂ ಮೂಲ ಕಾರಣದ ಸಾಲನ್ನು ಹೊಡೆದುಹಾಕಿ ಬೇರೆ ಬರೆದರು: 'ತೆಗೆದುಹಾಕಿದ ದಾಖಲೆಯ ಎಲ್ಲ ಉಪಯೋಗಗಳನ್ನು ಬದಲಾವಣೆಗೆ ಮೊದಲು ಗುರುತಿಸಲಿಲ್ಲ.' ಸಿಬ್ಬಂದಿಯ ಮೇಲಿದ್ದ ದೂರು ಅಲ್ಲಿಗೆ ಮುಗಿಯಿತು. ಆಮೇಲೆ ಜನ ಮಾತಾಡಲು ಶುರುಮಾಡಿದರು. ರಾತ್ರಿ ನೆನಪಿನಿಂದ ಎಂಟ್ರಿ ಮಾಡುತ್ತಿದ್ದ ವಿಷಯ ಕ್ಲರ್ಕ್ ಬಾಯಿಬಿಟ್ಟದ್ದು ಇದಾದ ಮೇಲೆ.

ಎರಡು ಕಷ್ಟದ ನಿರ್ಧಾರ

ಮೊದಲನೆಯದು ಖರೀದಿದಾರನಿಗೆ ಏನು ಹೇಳುವುದು ಅನ್ನುವುದು. ತೋಟದ ಮಾಹಿತಿ ಸಮೇತ ಕಳಿಸಲು ಎರಡು ಲಾಟ್ ತಯಾರಾಗುತ್ತಿದ್ದವು. ಮಾಹಿತಿಯಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅಂತ ಬೇರ್ಪಡಿಸಲು ಆಗುತ್ತಿರಲಿಲ್ಲ. ಯಜಮಾನರು ಮೊದಲು ಒಪ್ಪಲಿಲ್ಲ. 'ಕಾಫಿ ನಮ್ಮ ಬೆಳೆಗಾರರದ್ದೇ. ಕಾಡು ಕಡಿದು ಯಾರು ಬೆಳೆದಿದ್ದಾರೆ ಇಲ್ಲಿ?' ಅಂದರು. ಅವರ ಮಾತಿನಲ್ಲಿ ನಿಜ ಇತ್ತು. ಆದರೆ ಖರೀದಿದಾರ ಕೇಳಿದ್ದು ನಂಬಿಕೆಯಲ್ಲ, ಪುರಾವೆ. ಎರಡು ಎಕರೆಗೆ 7 ಟನ್ ಅಂತ ಇರುವ ಪಟ್ಟಿ ಅವನ ಕೈಗೆ ಹೋದರೆ ಉಳಿದ ಸರಿಯಾದ ಸಾಲುಗಳನ್ನೂ ಯಾರೂ ನಂಬುವುದಿಲ್ಲ ಅಂತ ಮೇಡಂ ಹೇಳಿದರು. ಕೊನೆಗೆ ಆ ಎರಡೂ ಲಾಟನ್ನು ತೋಟದ ಮಾಹಿತಿಯ ಸಾಲಿನಿಂದ ಹೊರಗಿಟ್ಟರು. ಬಿಸಿಯಾದ ಅಟ್ಟಿಯನ್ನು ಬೇರೆ ಮಾಡಿ ಪರೀಕ್ಷೆಗೆ ಕಳಿಸಿದರು. ಉಳಿದದ್ದನ್ನು ಆ ಮಾಹಿತಿ ಬೇಡದ ಕಡೆ ಮಾರಿದರು. ಬೆಲೆ ಕಡಿಮೆ ಸಿಕ್ಕಿತು. ಖರೀದಿದಾರನಿಗೆ ಇದ್ದದ್ದು ಇದ್ದ ಹಾಗೆ ಬರೆದರು. ಅವನು ಸರಿಪಡಿಸುವ ಯೋಜನೆ ಕೇಳಿದ, ಸಂಬಂಧ ಕಡಿದುಕೊಳ್ಳಲಿಲ್ಲ.

ಎರಡನೆಯದು ಹಿಂದಕ್ಕೆ ಹೋಗುವ ನಿರ್ಧಾರ. ಇದರ ಬಗ್ಗೆ ಸ್ವಲ್ಪ ಹೇಳಬೇಕು. ಹೊಸ ಪದ್ಧತಿ ಕೈಕೊಟ್ಟಾಗ ಹಳೆಯದಕ್ಕೆ ಮರಳುವುದನ್ನು ನಮ್ಮಲ್ಲಿ ಸೋಲು ಅಂದುಕೊಳ್ಳುತ್ತಾರೆ. ಅದಕ್ಕೇ ಸದ್ದಿಲ್ಲದೆ ಮರಳುತ್ತಾರೆ. ಗೋಡೆಯ ಮೇಲೆ ಹೊಸ ಪ್ರೊಸೀಜರ್, ಕೈಯಲ್ಲಿ ಹಳೆಯ ಪುಸ್ತಕ. ಇಲ್ಲಿ ಹಾಗೆ ಮಾಡಲಿಲ್ಲ. 7ನೇ ಆವೃತ್ತಿಯನ್ನು ವಾಪಸ್ ಪಡೆದು 8ನೇ ಆವೃತ್ತಿ ಹೊರಡಿಸಿದರು. ಅದು ಬಹುಮಟ್ಟಿಗೆ 6ರಂತೆಯೇ ಇತ್ತು. ಒಂದೇ ಸೇರ್ಪಡೆ: ತೇವಾಂಶ ಮಿತಿ ಮೀರಿದರೆ ಚೀಲದ ಬಾಯಿಗೆ ಕೆಂಪು ದಾರ ಕಟ್ಟಬೇಕು. ಕೆಂಪು ದಾರದ ಚೀಲವನ್ನು ಗೋದಾಮಿಗೆ ಬಿಡುವ, ಬಿಡದಿರುವ ಅಧಿಕಾರ ಮೇಸ್ತ್ರಿಯದ್ದು. ಇಷ್ಟು ವರ್ಷ ಅವರು ಮಾಡುತ್ತಿದ್ದದ್ದು ಅದನ್ನೇ. ಈಗ ಅದು ಬರಹದಲ್ಲಿ ಬಂತು. ಯಜಮಾನರ ಮಗನೇ ಬಂದು 'ಬೇಗ ಒಳಗೆ ಹಾಕಿ' ಅಂದರೂ ಇಲ್ಲ ಅನ್ನುವ ಹಕ್ಕು ಅವರಿಗೆ ಸಿಕ್ಕಿತು.

ಮತ್ತೆ ಶುರುಮಾಡಿದ್ದು

ಐಎಸ್‌ಒ 9001ರ 2008ರ ಆವೃತ್ತಿಯಲ್ಲಿ, ಬದಲಾವಣೆಯ ಹೊತ್ತಿನಲ್ಲಿ ವ್ಯವಸ್ಥೆ ಇಡಿಯಾಗಿ ಉಳಿಯಬೇಕು ಅನ್ನುವುದು ಯೋಜನೆಯ ಭಾಗದಲ್ಲಿ ಒಂದು ಸಾಲಾಗಿ ಇತ್ತು. 2015ರಲ್ಲಿ ಅದಕ್ಕೆ 6.3 ಅಂತ ಪ್ರತ್ಯೇಕ ಕಲಮು ಬಂತು. ಅದು ನಾಲ್ಕು ವಿಷಯ ಯೋಚಿಸಿ ಅನ್ನುತ್ತದೆ: ಬದಲಾವಣೆಯ ಉದ್ದೇಶ ಮತ್ತು ಅದರಿಂದ ಆಗಬಹುದಾದ ಪರಿಣಾಮ, ವ್ಯವಸ್ಥೆ ಮುರಿಯದೆ ಉಳಿಯುವುದು, ಬೇಕಾದ ಸಂಪನ್ಮೂಲ, ಜವಾಬ್ದಾರಿ ಮತ್ತು ಅಧಿಕಾರದ ಹಂಚಿಕೆ. ಫಾರ್ಮ್ ಇರಬೇಕು ಅಂತ 6.3 ಎಲ್ಲೂ ಹೇಳುವುದಿಲ್ಲ. ಆದರೆ ಉತ್ಪಾದನೆ, ಸೇವೆಯ ಬದಲಾವಣೆಗಳ ಬಗ್ಗೆ ಇರುವ 8.5.6 ದಾಖಲೆ ಕೇಳುತ್ತದೆ: ಪರಿಶೀಲನೆಯಲ್ಲಿ ಏನು ಕಂಡಿತು, ಒಪ್ಪಿಗೆ ಯಾರದು, ಏನು ಕ್ರಮ ತೆಗೆದುಕೊಂಡಿರಿ.

ಈ ನಾಲ್ಕನ್ನು ಈ ಸಲ ಗೇಟಿನ ಶೆಡ್‌ನಲ್ಲೇ ಕೂತು ಮಾತಾಡಿದರು. ಕ್ಲರ್ಕ್, ಸ್ಯಾಂಪಲ್ ಹುಡುಗ, ಮೇಸ್ತ್ರಿ, ಅಕೌಂಟ್ಸ್, ಇಬ್ಬರು ಬೆಳೆಗಾರರು. ಅತಿ ದೊಡ್ಡ ಬದಲಾವಣೆ ಹೊಳೆದದ್ದು ಕ್ಲರ್ಕ್‌ಗೆ. 'ತೋಟದ ವಿಚಾರ ಗೇಟಿನಲ್ಲಿ ಕೇಳೋದೇ ಬೇಡ ಸಾರ್. ಅದನ್ನ ಮೊದಲೇ ಮಾಡಿಟ್ಟುಕೊಂಡ್ರೆ ನನಗೆ ಬರೀ ಚೀಲ ಎಣಿಸೋದು' ಅಂದ. ಹಾಗೇ ಆಯಿತು. ಮಳೆ ತಗ್ಗಿದ ಮೇಲೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಫೀಲ್ಡ್‌ನವರು ತೋಟಗಳಿಗೆ ಹೋಗಿ ಗುರುತು ಮಾಡಿಕೊಂಡು ಬಂದರು. ಪಹಣಿಯ ಹೆಸರಿಗೆ ಕೋಡ್ ಕೊಡುವ ಬದಲು, ಒಬ್ಬರು ನೋಡಿಕೊಳ್ಳುವ ತೋಟದ ಭಾಗಕ್ಕೆ ಕೋಡ್ ಕೊಟ್ಟರು. ಮನೆಯವರೆಲ್ಲ ಕೂತು ಯಾವ ಭಾಗ ಯಾರು ಮಾಡುತ್ತಾರೆ ಅಂತ ತೋರಿಸಿದ್ದು ಅವರ ಅಂಗಳದಲ್ಲಿ, ಗೇಟಿನ ಸಾಲಿನಲ್ಲಿ ಅಲ್ಲ. ಪ್ರತಿ ಮನೆಗೂ ತೋಟವಾರು ಬಣ್ಣದ ಟ್ಯಾಗ್ ಕೊಟ್ಟರು. ಚೀಲ ಹೊಲಿಯುವಾಗಲೇ ಅದು ಸೇರುತ್ತದೆ. ಆಪ್‌ನಲ್ಲಿ ಒಂದು ಗಾಡಿಗೆ ಎಷ್ಟು ತೋಟ ಬೇಕಾದರೂ ಹಾಕುವ ಹಾಗೆ ಮಾಡಿಸಿದರು. ನೆಟ್‌ವರ್ಕ್ ಇಲ್ಲದಿದ್ದರೂ ಎಂಟ್ರಿ ಉಳಿಯುವ ಹಾಗೆ, ಪ್ರಿಂಟರ್‌ಗೆ ಯುಪಿಎಸ್.

ಇದಕ್ಕೂ ಮೊದಲು, ಅದೇ ಸೀಸನ್‌ನ ಕೊನೆಯ ರೊಬಸ್ಟಾ ಬರುವಾಗ, ಸ್ವಂತ ಕಾಫಿ ಮಾತ್ರ ತರುವ ಕೆಲವು ಬೆಳೆಗಾರರ ಜೊತೆ ಸಣ್ಣ ಪ್ರಯೋಗ ಮಾಡಿದ್ದರು. ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಶುರುಮಾಡುವ ಮೊದಲೇ ಬರೆದಿಟ್ಟಿದ್ದರು. ಮಿತಿ ಮೀರಿದ ಒಂದು ಚೀಲ ಕೆಂಪು ದಾರವಿಲ್ಲದೆ ಗೋದಾಮಿಗೆ ಹೋದರೂ ಅವತ್ತಿಗೆ ನಿಲ್ಲಿಸುವುದು. ಒಂದು ಎಂಟ್ರಿ ನೆನಪಿನಿಂದ ಮಾಡುವ ಸ್ಥಿತಿ ಬಂದರೂ ನಿಲ್ಲಿಸುವುದು. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಜೋರಾಗಿ ಬಂದು ಕರೆಂಟ್ ಹೋದ ಸಂಜೆ ನಿಜಕ್ಕೂ ನಿಲ್ಲಿಸಿದರು. ಯಾರನ್ನೂ ಬೈಯಲಿಲ್ಲ. ಯುಪಿಎಸ್ ತರಿಸಿದ್ದು ಅದರಿಂದ.

ಈ ಸಲ ಚೀಟಿಯನ್ನು ತೆಗೆಯಲಿಲ್ಲ. ಈಗ ಟ್ಯಾಬ್‌ನಿಂದಲೇ ಮುದ್ರಣವಾಗಿ ಬರುತ್ತದೆ, ಲಾಟ್ ನಂಬರ್ ಒಂದೇ. ತೇವಾಂಶ, ಓಟಿ ದೊಡ್ಡ ಅಕ್ಷರದಲ್ಲಿರುತ್ತವೆ. ಬೆಳೆಗಾರರ ಕೈಗೆ ಒಂದು ಪ್ರತಿ, ಎಸ್‌ಎಂಎಸ್ ಬೇರೆ.

ಫಲ, ಮತ್ತು ಇದರಿಂದ ನಾನು ಎತ್ತಿಕೊಂಡದ್ದು

ಮುಂದಿನ ಸೀಸನ್ ಶುರುವಿನಲ್ಲಿ ಗೇಟಿನ ಸಾಲು ಹಿಂದಿಗಿಂತ ಉದ್ದವೇ ಆಯಿತು. ಯಜಮಾನರಿಗೆ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹುತ್ತರಿ ಹಬ್ಬ ಮುಗಿದು ಕಾಫಿ ಜೋರಾಗಿ ಬರುವ ಹೊತ್ತಿಗೆ ಎಲ್ಲರ ಕೈ ಕುದುರಿತ್ತು. ಹಸಿ ಚೀಲಗಳು ಕಣಕ್ಕೆ ಹೋದವು. ಪ್ರತಿ ಶನಿವಾರ ಮೇಡಂ ತೋಟದ ವಿಸ್ತೀರ್ಣ ಮತ್ತು ಬಂದ ಚೀಲವನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಳತೆ ಮೀರಿದ್ದು ಕಂಡರೆ ಆ ಲಾಟ್ ಅಲ್ಲೇ ನಿಲ್ಲುತ್ತದೆ. ಆಡಿಟರ್ ಬಂದು ಬದಲಾವಣೆಯ ದಾಖಲೆ ಕೇಳಿದಾಗ ಗೇಟಿನ ಶೆಡ್‌ನಲ್ಲಿ ಬರೆದ ಟಿಪ್ಪಣಿಯನ್ನೇ ತೋರಿಸಿದರು.

ಸೀಸನ್ ಮಧ್ಯೆ ಗೇಟಿನ ಕೆಲಸ ಬದಲಾಯಿಸಬೇಡಿ ಅಂತ ಈಗ ನಾನು ಎಲ್ಲ ಕ್ಯೂರಿಂಗ್ ಘಟಕಗಳಿಗೂ ಹೇಳುತ್ತೇನೆ. ಖರೀದಿದಾರರ ಒತ್ತಡ ಇದ್ದರೂ ಒಂದು ಸಾಲಿನಲ್ಲಿ ಪ್ರಯೋಗ ಮಾಡಿ, ಇಡೀ ಗೇಟಿಗೆ ಬೇಡ. ಅದಕ್ಕಿಂತ ಮುಖ್ಯವಾದದ್ದು, ಏನನ್ನಾದರೂ ತೆಗೆಯುವ ಮೊದಲು ಅದನ್ನು ಕೈಯಲ್ಲಿ ಹಿಡಿದು ಘಟಕ ಪೂರ್ತಿ ಓಡಾಡುವುದು. ಫಾರ್ಮ್, ರಿಜಿಸ್ಟರ್, ಸೀಲು, ಒಬ್ಬ ಮನುಷ್ಯನ ಹುದ್ದೆ, ಯಾವುದೇ ಇರಲಿ. ಪ್ರೊಸೀಜರ್‌ನಲ್ಲಿ ಬರೆದ ಉಪಯೋಗ ಒಂದು, ಬರೆಯದ ಉಪಯೋಗ ಹಲವು. ಬರೆಯದವು ಸಾಮಾನ್ಯವಾಗಿ ಕೆಳಗಿನ ಹಂತದವರ ಹತ್ತಿರ ಇರುತ್ತವೆ. ಅವರನ್ನು ಮೀಟಿಂಗ್‌ಗೆ ಕರೆದರೆ ಮಾತಾಡುವುದಿಲ್ಲ. ಅವರ ಜಾಗಕ್ಕೆ ಹೋಗಿ ಕೇಳಿದರೆ ಹೇಳುತ್ತಾರೆ. ಈ ಘಟಕದ ಬದಲಾವಣೆ ಫಾರ್ಮ್‌ನಲ್ಲಿ ಈಗ ಮೊದಲ ಪ್ರಶ್ನೆಯೇ 'ಈಗಿರುವುದನ್ನು ಯಾರು ಯಾರು ಏತಕ್ಕೆ ಬಳಸುತ್ತಿದ್ದಾರೆ' ಅನ್ನುವುದು. ಉತ್ತರದ ಪಕ್ಕ ಕೇಳಿದವರ ಹೆಸರಲ್ಲ, ಹೇಳಿದವರ ಹೆಸರು ಇರಬೇಕು.

ಒಂದು ಕೆಲಸ ಇನ್ನೂ ಬಾಕಿ ಇದೆ. ಹಳ್ಳಿಗಳಲ್ಲಿ ಸಣ್ಣ ವ್ಯಾಪಾರಿಗಳು ಹತ್ತಾರು ಮನೆಯ ಕಾಫಿ ಕೊಂಡು ಬೆರೆಸಿ ತರುತ್ತಾರೆ. ಎರಡು ಮೂರು ಚೀಲ ಬೆಳೆಯುವವರಿಗೆ ಅವರೇ ಗತಿ. ಆ ಕಾಫಿಯನ್ನು ಸದ್ಯಕ್ಕೆ ಬೇರೆ ಗೋದಾಮಿನಲ್ಲಿ ಇಟ್ಟು ತೋಟದ ಮಾಹಿತಿಯ ಸಾಲಿನಿಂದ ಹೊರಗಿಟ್ಟಿದ್ದಾರೆ. ಹೀಗೇ ಬಿಟ್ಟರೆ ಒಳ್ಳೆಯ ಬೆಲೆಯಿಂದ ದೂರ ಉಳಿಯುವವರು ಅತಿ ಸಣ್ಣ ಬೆಳೆಗಾರರೇ. ಬೆರೆಸುವ ಮೊದಲೇ ಟ್ಯಾಗ್ ಹಾಕಲು ಒಪ್ಪುವ ಇಬ್ಬರು ವ್ಯಾಪಾರಿಗಳ ಜೊತೆ ಮಾತುಕತೆ ನಡೆದಿದೆ. ಅದರ ಪರಿಶೀಲನೆಗೆ ಆ ಇಬ್ಬರನ್ನೂ, ಅವರಿಗೆ ಕಾಫಿ ಕೊಡುವ ಕೆಲವು ಮನೆಯವರನ್ನೂ ಮಳೆಗಾಲದಲ್ಲೇ ಕೂರಿಸಿಕೊಂಡು ಮಾತಾಡಬೇಕು ಅಂತ ಮೇಡಂ ಪಟ್ಟಿ ಮಾಡಿಟ್ಟಿದ್ದಾರೆ.